ಹಾಲಿನ ಡಿಗ್ರಿ, ನನ್ನ ಸಿಟ್ಟು

ಹೋದ ತಿಂಗಳು ಒಂದು ಸಂಜೆ ಮೊಮ್ಮಗಳು ಪ್ರಿಯಾ ಕೆಲಸದಿಂದ ಬಂದವಳು ಹೆಗಲ ಬ್ಯಾಗನ್ನೂ ಇಳಿಸದೆ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಮೂಡುಬಿದಿರೆಯ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಅವಳಿಗೆ ಕೆಲಸ ಸಿಕ್ಕಿ ಆಗ ಮೂರು ತಿಂಗಳಾಗಿತ್ತು. ಚೀಟಿ ತಡವಾಯಿತೆಂದು ಯಾರೋ ಒಬ್ಬರು ಎಲ್ಲರ ಎದುರು ಅವಳಿಗೆ ಬಾಯಿಗೆ ಬಂದಂತೆ ಬೈದಿದ್ದರು. ಅವಳ ತಮ್ಮ ರೋಯ್ಸ್ಟನ್ ಮೆಲ್ಕಾರಿನಲ್ಲಿ ಮೊಬೈಲ್ ರಿಪೇರಿಯ ಅಂಗಡಿಯಲ್ಲಿದ್ದಾನೆ. ಅವನು ಅಳುವವನಲ್ಲ, ತಿರುಗಿ ಬೈಯುವವನು. ‘ನೀನು ಸುಮ್ಮನೆ ನಿಂತದ್ದೇ ತಪ್ಪು’ ಎಂದು ಅಕ್ಕನಿಗೇ ಗದರಿದ. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಅಜ್ಜಿ ಇಷ್ಟು ವರ್ಷ ಜನರ ನಡುವೆ ಕೆಲಸ ಮಾಡಿದವಳು, ಏನಾದರೂ ಹೇಳಿಯಾಳು ಎಂದುಕೊಂಡಿರಬೇಕು. ನಾನು ಚಹಾಕ್ಕೆ ನೀರಿಡುತ್ತೇನೆ ಎಂದು ಒಳಗೆ ಹೋದೆ.

ಬಾಯಿಯಲ್ಲಿ ಹೇಳಲಾಗದ್ದನ್ನು ನಿಮಗಿಬ್ಬರಿಗೂ ಬರೆದು ಇಡುತ್ತಿದ್ದೇನೆ. ಇದು ಉಪದೇಶವಲ್ಲ, ನನ್ನ ಕೆಲಸದ ಕಥೆ. ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪು ಉಂಟು. ನಿಮ್ಮ ಅಪ್ಪನಿಗೆ ಅದು ಸ್ವಲ್ಪ ಗೊತ್ತು, ಪೂರ್ತಿ ಗೊತ್ತಿಲ್ಲ.

ನಾನು ಹುಟ್ಟಿದ್ದು ನರಿಕೊಂಬಿನಲ್ಲಿ, ಹೊಳೆಯ ಬದಿಯಲ್ಲಿ. ಕಲಿತದ್ದು ಊರಿನ ಕನ್ನಡ ಶಾಲೆಯಲ್ಲಿ, ಆಮೇಲೆ ಬಂಟ್ವಾಳದಲ್ಲಿ ಹತ್ತನೆಯ ತರಗತಿವರೆಗೆ. ಮದುವೆಯಾಗಿ ಬಂದದ್ದು ಬೆಳ್ತಂಗಡಿ ತಾಲೂಕಿನ ಈ ಊರಿಗೆ. ನಿಮ್ಮ ಅಜ್ಜ ಹೆಂಚಿನ ಕಾರ್ಖಾನೆಯ ಲಾರಿಯಲ್ಲಿ ಕೆಲಸಕ್ಕಿದ್ದರು. ಮದುವೆಯ ಏಳನೆಯ ವರ್ಷ ಜ್ವರ ಬಂದು ಹದಿನಾಲ್ಕು ದಿನದಲ್ಲಿ ತೀರಿಕೊಂಡರು. ಮನೆಯಲ್ಲಿ ನನ್ನ ಅತ್ತೆ, ಇಬ್ಬರು ಸಣ್ಣ ಮಕ್ಕಳು, ಒಂದು ದನ. ಅದೇ ವರ್ಷ ಊರಿನ ಹಾಲಿನ ಸೊಸೈಟಿಗೆ ಪರೀಕ್ಷೆ ಮಾಡುವವರು ಬೇಕಾಗಿದ್ದರು. ಹತ್ತನೆಯ ತರಗತಿ ಪಾಸಾದ ಹೆಂಗಸು ಬೇರೆ ಯಾರೂ ಇರಲಿಲ್ಲ ಎಂದು ನನ್ನನ್ನು ಕರೆದರು. ಸೊಸೈಟಿಗೆ ಊರಿನವರೆಲ್ಲ ‘ಡೈರಿ’ ಎನ್ನುತ್ತಿದ್ದರು, ನನಗೆ ‘ಬಾಯಮ್ಮ’ ಎನ್ನುತ್ತಿದ್ದರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಹಾಗೆಯೇ ಕರೆಯುವುದು.

ಕಾರ್ಯದರ್ಶಿ ಪದ್ಮರಾಜಣ್ಣ. ಜೈನರು, ಹಳೆಯ ಮನೆತನದವರು. ಸಿಟ್ಟು ಬಂದರೆ ಅವರು ಬೈಯುತ್ತಿರಲಿಲ್ಲ. ಮೇಜಿನ ಮೇಲಿದ್ದ ಪುಸ್ತಕಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದರು. ಎಲ್ಲ ನೇರವಾದ ಮೇಲೆ ಮಾತಾಡುತ್ತಿದ್ದರು. ಮೊದಲ ವರ್ಷ ನನ್ನಿಂದಾಗಿ ಆ ಪುಸ್ತಕಗಳು ದಿನವೂ ನೇರವಾದವು.

ಈಗಿನ ಡೈರಿಯಲ್ಲಿ ಒಂದು ಯಂತ್ರ ಉಂಟು. ಚಿಕ್ಕ ಲೋಟದಲ್ಲಿ ಹಾಲು ಇಟ್ಟರೆ ಅದು ನಳಿಗೆಯಿಂದ ಹೀರಿಕೊಂಡು ಅರೆ ನಿಮಿಷದಲ್ಲಿ ಎಲ್ಲ ಹೇಳುತ್ತದೆ. ಆಗ ಎಲ್ಲವೂ ಕೈಕೆಲಸ. ಕೊಬ್ಬು ನೋಡಲು ಗಾಜಿನ ನಳಿಗೆಗೆ ಮೊದಲು ಆಸಿಡ್, ಆಮೇಲೆ ಹಾಲು ಹಾಕಿ, ರಬ್ಬರಿನ ಬಿರಡೆ ಬಿಗಿದು, ಕುಲುಕಿ, ಚಕ್ರದ ಡಬ್ಬಿಯಲ್ಲಿಟ್ಟು ಕೈಯಲ್ಲಿ ತಿರುಗಿಸಬೇಕು. ಆಸಿಡ್ ಸೇರಿದ ಕೂಡಲೇ ನಳಿಗೆ ಕೆಂಡದ ಹಾಗೆ ಬಿಸಿಯಾಗುತ್ತದೆ. ಒಮ್ಮೆ ನಾನು ಬಿರಡೆಯನ್ನು ಸರಿಯಾಗಿ ಬಿಗಿಯಲಿಲ್ಲ. ಅದು ಹಾರಿ ಮಾಡಿನ ಹೆಂಚಿಗೆ ಬಡಿಯಿತು. ಈಸ್ಟರಿಗೆಂದು ತೆಗೆದ ಸೀರೆಯ ಸೆರಗು ಜರಡಿಯಾಯಿತು. ಪದ್ಮರಾಜಣ್ಣ ಎದ್ದು ಬಂದು ನನ್ನ ಕೈ ನೋಡಿ, ಸುಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹೋಗಿ ಪುಸ್ತಕ ನೇರ ಮಾಡತೊಡಗಿದರು. ಮರುದಿನದಿಂದ ನಾನು ಹಳೆಯ ಸೀರೆಯಲ್ಲೇ ಹೋದೆ.

ಜನರಿಗೆ ಆಸಿಡಿನ ಕೆಲಸ ಕಾಣುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಲ್ಯಾಕ್ಟೋಮೀಟರ್. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ ಇರುವ ಒಂದು ಗಾಜಿನ ಬುರುಡೆ ಅದು. ಉದ್ದ ಪಾತ್ರೆಯಲ್ಲಿ ಹಾಲು ತುಂಬಿಸಿ ಅದನ್ನು ಬಿಟ್ಟರೆ ಮೇಲೆ ಕೆಳಗೆ ಕುಣಿದು ಒಂದು ಕಡೆ ನಿಲ್ಲುತ್ತದೆ. ನಿಂತಲ್ಲಿ ಕುತ್ತಿಗೆಯ ಮೇಲಿನ ಸಂಖ್ಯೆ ಓದಬೇಕು. ಅದಕ್ಕೆ ಊರಿನವರು ‘ಡಿಗ್ರಿ’ ಎನ್ನುತ್ತಿದ್ದರು. ನೀರು ಬೆರೆತ ಹಾಲಿನಲ್ಲಿ ಬುರುಡೆ ಮುಳುಗುತ್ತದೆ, ಸಂಖ್ಯೆ ಕಡಿಮೆಯಾಗುತ್ತದೆ. ನಮ್ಮಲ್ಲಿ ಇಪ್ಪತ್ತಾರಕ್ಕಿಂತ ಕೆಳಗೆ ಬಂದರೆ ಹಾಲು ವಾಪಸ್ಸು. ಬೆಳಗ್ಗೆ ಆರಕ್ಕೆ ನಲವತ್ತು ಜನ ಕ್ಯಾನ್ ಹಿಡಿದು ಸಾಲಾಗಿ ನಿಂತಿರುತ್ತಿದ್ದರು. ಎಲ್ಲರ ಕಣ್ಣೂ ಆ ಬುರುಡೆಯ ಮೇಲೆ. ಸಂಖ್ಯೆಯನ್ನು ಹೇಳುವ ಬಾಯಿ ನನ್ನದು. ಹಾಗಾಗಿ ಸಿಟ್ಟೂ ನನ್ನ ಕಡೆಗೇ ಬರುತ್ತಿತ್ತು.

ಬುರುಡೆ ಕುಣಿಯುತ್ತಿರುವಾಗ ಓದಬಾರದು ಎಂಬುದು ತರಬೇತಿಯಲ್ಲಿ ಕಲಿತ ಪಾಠ. ಎಷ್ಟು ಹೊತ್ತು ಕಾಯಬೇಕೆಂದು ನಾನೇ ಒಂದು ಲೆಕ್ಕ ಮಾಡಿಕೊಂಡೆ. ಮನಸ್ಸಿನಲ್ಲೇ ಒಂದು ‘ನಮಾನ್ ಮೋರಿಯೆ’ ಹೇಳುವುದು. ಮಾತೆ ಮರಿಯಳಿಗೆ ಮಾಡುವ ಆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಬುರುಡೆ ನಿಲ್ಲುತ್ತಿತ್ತು. ಎದುರಿಗೆ ನಿಂತವರು ಏನು ಬೈದರೂ ನಾನು ಆ ಪ್ರಾರ್ಥನೆ ಮುಗಿಯುವ ತನಕ ತಲೆ ಎತ್ತುತ್ತಿರಲಿಲ್ಲ. ಹೀಗೆ ಬೆಳಗ್ಗೆ ಸಂಜೆ ಸೇರಿ ದಿನಕ್ಕೆ ಎಂಬತ್ತು ಸಲ. ಇಗರ್ಜಿಯಲ್ಲಿ ಕುಳಿತು ಅಷ್ಟು ಪ್ರಾರ್ಥನೆಯನ್ನು ನಾನು ಎಂದೂ ಮಾಡಿದವಳಲ್ಲ.

ಆ ಸಾಲಿನಲ್ಲಿ ತಿಮ್ಮಪ್ಪ ಗೌಡರು ಎಂಬವರು ಇದ್ದರು. ಗುಡ್ಡದ ಮೇಲೆ ಮನೆ, ಸ್ವಲ್ಪ ಗದ್ದೆ, ಸ್ವಲ್ಪ ರಬ್ಬರ್. ಅವರು ‘ಹೇಗಿದ್ದೀರಿ’ ಎಂದು ಕೇಳಿದರೂ ಜಗಳಕ್ಕೆ ಬಂದ ಹಾಗೆ ಕೇಳುತ್ತಿತ್ತು. ಅಷ್ಟು ದೊಡ್ಡ ಗಂಟಲು. ಮಳೆ ಬಂದರೂ ಡೈರಿಯ ತಪ್ಪು, ಬರದಿದ್ದರೂ ಡೈರಿಯ ತಪ್ಪು. ಒಂದು ಬೆಳಗ್ಗೆ ಅವರ ಹಾಲಿನ ಡಿಗ್ರಿ ಒಂದು ಸಂಖ್ಯೆ ಕಡಿಮೆ ಬಂತು. ಹೇಳಿದೆ. ಗೌಡರು ಕ್ಯಾನ್ ಎತ್ತಿ ಅಷ್ಟೂ ಹಾಲನ್ನು ಡೈರಿಯ ನೆಲದ ಮೇಲೆ ಹೊಯ್ದು ಹೋದರು. ಹಾಲು ಮೆಟ್ಟಿಲಿಳಿದು ರಸ್ತೆಗೆ ಹರಿಯಿತು. ಎಲ್ಲಿದ್ದವೋ ನಾಯಿಗಳು ಓಡಿ ಬಂದವು. ಸಾಲಿನವರು ಅಲ್ಲಲ್ಲೇ ಕಾಲೆತ್ತಿ ನಿಂತರು. ನಾನು ಗೋಣಿ ತಂದು ನೆಲ ಒರೆಸಿದೆ. ಕಣ್ಣಿನಲ್ಲಿ ನೀರು ತುಂಬಿ ನೆಲ ಸರಿಯಾಗಿ ಕಾಣುತ್ತಿರಲಿಲ್ಲ.

ಸಂಜೆ ತಿಳಿಯಿತು, ಹಿಂದಿನ ದಿನ ಅವರ ಮನೆಯ ಕರು ಸತ್ತಿತ್ತು. ಕರು ಇಲ್ಲದೆ ದನ ಹಾಲು ಇಳಿಸುತ್ತಿರಲಿಲ್ಲವಂತೆ. ಗಂಡ ಹೆಂಡತಿ ಒಂದು ಗಂಟೆ ಅದರ ಮೈ ಸವರಿ ಗೋಗರೆದು ಕರೆದ ಹಾಲು ಅದು. ನನ್ನ ಎದುರು ಚೆಲ್ಲಿದ ಸಿಟ್ಟನ್ನು ಅವರು ಮನೆಯಿಂದಲೇ ತಂದಿದ್ದರು. ಪ್ರಿಯಾ, ಆಸ್ಪತ್ರೆಗೆ ಬರುವವರೂ ಎಷ್ಟೋ ಸಲ ಹಾಗೆಯೇ ಇರಬೇಕು.

ಮರುದಿನ ಗೌಡರು ಬಂದು ನೆಲ ಯಾರು ಒರೆಸಿದ್ದೆಂದು ಕೇಳಿದರು. ನಾನೇ ಎಂದೆ. ಒಂದು ದೊಡ್ಡ ಮುಳ್ಳುಸೌತೆಯನ್ನು ಮೇಜಿನ ಮೇಲಿಟ್ಟು ಹೋದರು. ಅದರ ಮರುದಿನ ಸಾಲು ನಿಧಾನವಾಯಿತೆಂದು ಮತ್ತೆ ಬೊಬ್ಬೆ ಹಾಕಿದರು.

ಹೀಗೆ ಎಂಟು ಒಂಬತ್ತು ವರ್ಷ ಕಳೆಯಿತು. ನನಗೆ ಒಳ್ಳೆಯ ಹೆಸರು ಬಂತು. ಬಾಯಮ್ಮನಿಗೆ ಸಿಟ್ಟೇ ಬರುವುದಿಲ್ಲ ಎಂದು ಜನ ಹೇಳುತ್ತಿದ್ದರು. ಒಮ್ಮೆ ಫಾದರ್ ಕೂಡ ಇಗರ್ಜಿಯ ಹೆಂಗಸರ ಸಭೆಯಲ್ಲಿ ತಾಳ್ಮೆ ಎಂದರೆ ಹೇಗಿರಬೇಕೆಂದು ನನ್ನ ಹೆಸರು ಹೇಳಿದರು. ನಾನು ನಾಚಿ ನೆಲ ನೋಡಿದೆ, ಆದರೆ ಒಳಗೆ ಖುಷಿಯಾಯಿತು. ನಾನೂ ಅದನ್ನು ನಂಬಿದೆ. ಸುಮ್ಮನಿದ್ದೇನೆ ಎಂದರೆ ಕ್ಷಮಿಸಿದ್ದೇನೆ ಎಂದೇ ತಿಳಿದುಕೊಂಡೆ.

ಡೈರಿಯ ಪಕ್ಕದ ಮನೆ ಗಿರಿಜಕ್ಕನದು. ನನಗಿಂತ ಐದಾರು ವರ್ಷ ದೊಡ್ಡವರು. ಅವರಿಗೆ ಒಂದೇ ದನ. ಗಂಡ ಮಾತು ಕಡಿಮೆಯ ಮನುಷ್ಯ, ಆ ಕಡಿಮೆಯನ್ನೂ ಸೇರಿಸಿ ಗಿರಿಜಕ್ಕನೇ ಮಾತಾಡುತ್ತಿದ್ದರು. ನನ್ನನ್ನು ‘ಜೂಲಿ’ ಎಂದು ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ. ಕ್ಯಾನ್ ತೊಳೆಯುವುದಕ್ಕೆ ಡೈರಿಗೆ ನೀರು ಅವರ ಬಾವಿಯಿಂದ. ನಾನು ದಿನವೂ ಅಲ್ಲಿಗೆ ಕೊಡ ಹಿಡಿದು ಹೋಗುತ್ತಿದ್ದೆ, ನಾಲ್ಕು ಮಾತು ಕೇಳಿ ನಕ್ಕು ಬರುತ್ತಿದ್ದೆ.

ಒಂದು ಸಂಜೆ ಅಲ್ಲಿ ಇನ್ನೂ ಇಬ್ಬರು ಹೆಂಗಸರಿದ್ದರು. ನಾನು ಹಗ್ಗ ಬಿಡುತ್ತಿದ್ದಂತೆ ಗಿರಿಜಕ್ಕ ಅವರಿಗೆ ಹೇಳಿದರು: “ನಮ್ಮ ಜೂಲಿಗೆ ಗಂಡ ಹೋದ ಮೇಲೆಯೇ ಅದೃಷ್ಟ ಬಂದದ್ದು ನೋಡಿ. ಕುರ್ಚಿ ಉಂಟು, ಫ್ಯಾನ್ ಉಂಟು, ಊರಿನ ಗಂಡಸರೆಲ್ಲ ಎದುರು ಸಾಲು ನಿಲ್ತಾರೆ.”

ಅವರಿಬ್ಬರು ನಕ್ಕರು. ನಾನೂ ನಕ್ಕೆ. ಕೊಡ ತುಂಬಿಸಿ ಬಂದೆ. ತಮಾಷೆಗೆ ಹೇಳಿದ್ದೆಂದು ನನಗೆ ಗೊತ್ತಿತ್ತು. ಆದರೂ ಡೈರಿಯ ನೆಲವನ್ನು ಎರಡೆರಡು ಸಲ ತೊಳೆದೆ. ಮನೆಯಲ್ಲಿ ತೇರ್ಸ್ ಮಾಡುವಾಗ, ಅಂದರೆ ಜಪಮಾಲೆಯ ಪ್ರಾರ್ಥನೆ ಹೇಳುವಾಗ, ಮಣಿಯೊಂದಿಗೆ ಆ ಮಾತೂ ಸುತ್ತುತ್ತಿತ್ತು.

ಬೆಳಗ್ಗೆ ಗಿರಿಜಕ್ಕ ಎಲ್ಲರಿಗಿಂತ ಮೊದಲು ಬಂದರು. ಪಕ್ಕದ ಮನೆಯಾದ್ದರಿಂದ ಅವರ ಹಾಲು ಯಾವಾಗಲೂ ಕರೆದ ಬಿಸಿಯಲ್ಲೇ, ನೊರೆಯೊಂದಿಗೆ ಬರುತ್ತಿತ್ತು. ಈಗ ಕೇಳಿ, ನನ್ನ ತಪ್ಪು ಇರುವುದು ಇಲ್ಲಿ. ಬಿಸಿ ಹಾಲಿನಲ್ಲಿ ನೀರಿಲ್ಲದಿದ್ದರೂ ಬುರುಡೆ ಮುಳುಗುತ್ತದೆ. ಅಂಥ ಹಾಲಿಗೆ ಮೊದಲು ಥರ್ಮಾಮೀಟರ್ ಇಟ್ಟು ಬಿಸಿ ಎಷ್ಟೆಂದು ನೋಡಬೇಕು. ಗೋಡೆಯ ಪಟ್ಟಿಯಲ್ಲಿ ಇದ್ದಂತೆ ಬಂದ ಡಿಗ್ರಿಗೆ ಒಂದೋ ಎರಡೋ ಕೂಡಿಸಬೇಕು. ಇಲ್ಲವೇ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಕಾಯಬೇಕು. ಗಿರಿಜಕ್ಕನ ಹಾಲಿಗೆ ನಾನು ಒಂಬತ್ತು ವರ್ಷವೂ ಹಾಗೆ ಮಾಡಿದ್ದೆ. ಆ ದಿನ ಮಾಡಲಿಲ್ಲ. ಬುರುಡೆಯನ್ನು ನೇರ ಬಿಟ್ಟೆ. ಪ್ರಾರ್ಥನೆಯನ್ನೂ ಹೇಳಲಿಲ್ಲ. ಅದು ಇಪ್ಪತ್ತನಾಲ್ಕಕ್ಕೆ ನಿಂತಿತು.

“ಗಿರಿಜಕ್ಕ, ನೀರು ಉಂಟು,” ಎಂದೆ. ಮೆಲ್ಲಗೆ ಹೇಳಿದೆ. ಕ್ಯಾನನ್ನು ಅವರ ಕಡೆಗೆ ದೂಡಿದೆ.

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿದರು, ಹಿಂದೆ ತಿರುಗಿ ಸಾಲನ್ನು ನೋಡಿದರು, ಕ್ಯಾನ್ ಎತ್ತಿಕೊಂಡು ಹೋದರು. ‘ನೀರಂತೆ’ ಎಂಬ ಮಾತು ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿ ರಸ್ತೆಯ ಬದಿಗೆ ತಲುಪಿದ್ದು ನನಗೆ ಕುರ್ಚಿಯಿಂದಲೇ ಕೇಳಿತು.

ಐದಾರು ಜನ ಕಳೆದ ಮೇಲೆ ನನ್ನ ಅತ್ತೆ ನಮ್ಮ ದನದ ಹಾಲು ತಂದರು. ನಮ್ಮ ಮನೆಯೂ ದೂರವಿಲ್ಲ, ನಮ್ಮದೂ ಬಿಸಿ ಹಾಲು. ಬುರುಡೆ ಬಿಟ್ಟೆ. ಇಪ್ಪತ್ತನಾಲ್ಕು. ಆಗ ನನ್ನ ಕೈ ತಾನಾಗಿ ಗೋಡೆಯ ಮೊಳೆಯಿಂದ ಥರ್ಮಾಮೀಟರ್ ತೆಗೆಯಿತು. ಬಿಸಿ ನೋಡಿದೆ, ಪಟ್ಟಿ ನೋಡಿದೆ, ಎರಡು ಕೂಡಿಸಿದೆ, ಇಪ್ಪತ್ತಾರು ಎಂದು ಬರೆದೆ. ಬರೆದ ಮೇಲೆ ಪೆನ್ನು ಕೆಳಗಿಟ್ಟೆ. ಅದೇ ಪುಟದಲ್ಲಿ ಮೇಲೆ ಗಿರಿಜಕ್ಕನ ಇಪ್ಪತ್ತನಾಲ್ಕು ಇತ್ತು.

ಮರುದಿನ ಗಿರಿಜಕ್ಕ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹಾಲನ್ನು ಕರುವಿಗೇ ಬಿಡುತ್ತಾರೆ ಎಂದು ಯಾರೋ ಹೇಳಿದರು. ಅಂಗಡಿಯ ಕಟ್ಟೆಯಲ್ಲಿ ಒಬ್ಬ ಅವರ ಗಂಡನಿಗೆ, ನಿಮ್ಮ ಬಾವಿಯಲ್ಲಿ ಹಾಲು ಎಷ್ಟು ಅಡಿ ಉಂಟೆಂದು ಕೇಳಿದನಂತೆ. ಆ ಪಾಪದ ಮನುಷ್ಯ ಸಾಮಾನು ತೆಗೆದುಕೊಳ್ಳದೆ ಮನೆಗೆ ಹೋದರಂತೆ.

ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಉಂಟು, ನಿಮಗೂ ಗೊತ್ತು. ಸಂಜೆ ತೇರ್ಸ್ ಮುಗಿದ ಕೂಡಲೇ ಚಿಕ್ಕವರು ದೊಡ್ಡವರ ಎದುರು ಕೈ ಮುಗಿದು ‘ಬೆಸಾಂವ್’ ಕೇಳಬೇಕು, ಆಶೀರ್ವಾದ ಬೇಡಬೇಕು. ಹಗಲಿಡೀ ಎಷ್ಟೇ ಜಗಳವಾಡಿದ್ದರೂ ಕೇಳದೆ ಇರುವ ಹಾಗಿಲ್ಲ, ಕೊಡದೆ ಇರುವ ಹಾಗೂ ಇಲ್ಲ. ಅತ್ತೆಗೂ ನನಗೂ ಎಷ್ಟೋ ಮುನಿಸುಗಳು ಅಲ್ಲೇ ಮುಗಿದಿದ್ದವು. ಆ ವಾರದ ಶನಿವಾರ ನಾನು ಕೈ ಮುಗಿದು ನಿಂತೆ. ಅತ್ತೆ ನನ್ನ ತಲೆ ಮುಟ್ಟಿ ಹರಸಿದರು. ಆಮೇಲೆ ಕೈಯನ್ನು ಅಲ್ಲೇ ಇಟ್ಟು ಕೇಳಿದರು.

“ಮೊನ್ನೆ ನಮ್ಮ ಹಾಲಿಗೆ ಆ ಕಡ್ಡಿ ಇಟ್ಟೆಯಲ್ಲ, ಗಿರಿಜನ ಹಾಲಿಗೆ ಇಟ್ಟಿದ್ದೆಯಾ?”

ಅವರು ಓದಿದವರಲ್ಲ. ಆದರೆ ಸಾಲಿನಲ್ಲಿ ನಿಂತು ಮೊಳೆಯ ಮೇಲಿದ್ದ ಥರ್ಮಾಮೀಟರ್ ನೋಡಿದ್ದರು. ಅದು ಒಣಗಿತ್ತು.

ನಾನು ಇಲ್ಲ ಎಂದೆ.

“ನಾಳೆ ಪರಮಪ್ರಸಾದಕ್ಕೆ ನಾಲಗೆ ಚಾಚ್ತಿ. ಅದೇ ನಾಲಗೆ ಅಲ್ವಾ?” ಎಂದು ಹೇಳಿ ಅವರು ಅಡುಗೆಮನೆಗೆ ಹೋದರು.

ಭಾನುವಾರ ಬಲಿಪೂಜೆಯಲ್ಲಿ ಫಾದರ್ ನಾಲಗೆಯ ಮೇಲಿಡುವ ಆ ಪ್ರಸಾದಕ್ಕೆ ಎಲ್ಲರೂ ಎದ್ದು ಹೋದಾಗ ನಾನು ಬೆಂಚಿನಲ್ಲೇ ಕುಳಿತೆ. ಯಾರೊಂದಿಗಾದರೂ ಮುನಿಸಿದ್ದರೆ ಮೊದಲು ಹೋಗಿ ರಾಜಿಯಾಗಿ ಬರಬೇಕು, ಕಾಣಿಕೆ ಆಮೇಲೆ ಎಂದು ಸಣ್ಣಂದಿನಿಂದ ಕಲಿತಿದ್ದೆ. ನಮ್ಮದು ಸಣ್ಣ ಇಗರ್ಜಿ. ಯಾರು ಎದ್ದರು, ಯಾರು ಏಳಲಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಮುಂದಿನ ಭಾನುವಾರವೂ ಕುಳಿತೆ, ಅದರ ಮುಂದಿನದಕ್ಕೂ ಕುಳಿತೆ. ನಿಮ್ಮ ಅಪ್ಪ ಆಗ ಎಂಟನೆಯ ತರಗತಿ. ಹೊರಗೆ ಬರುವಾಗ, ‘ಮಮ್ಮಿ, ನಿನಗೆ ಹುಷಾರಿಲ್ವಾ?’ ಎಂದು ಕೇಳಿದ. ಬೇಗ ಮನೆಗೆ ನಡಿ ಎಂದೆ.

ನಾಲ್ಕನೆಯ ಶನಿವಾರ ಪಾಪನಿವೇದನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಹೇಳಿದರೆ ಮುಗಿಯಿತು, ಒಂದಷ್ಟು ಜಪ ಮಾಡಲು ಹೇಳುತ್ತಾರೆ ಎಂಬ ಆಸೆ ಇತ್ತು. ಫಾದರ್ ಎಲ್ಲ ಕೇಳಿಸಿಕೊಂಡರು. ಮತ್ತೆ, “ಅವರ ಕೈಯಿಂದ ಕಿತ್ತುಕೊಂಡದ್ದನ್ನು ನನ್ನ ಹತ್ತಿರ ತಂದು ಕೊಟ್ಟರೆ ಹೇಗೆ ಬಾಯಮ್ಮ?” ಎಂದರು. ದೇವರ ಕ್ಷಮೆ ಸಿಗುತ್ತದೆ, ಆದರೆ ಮೊದಲು ಆ ಮನೆಗೆ ಹೋಗು ಎಂದರು.

ಹೋದೆ. ಗಿರಿಜಕ್ಕ ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದರು. ಕುಳಿತುಕೋ ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ನೀರು ಇರಲಿಲ್ಲ, ಸಿಟ್ಟಿನಲ್ಲಿ ಬಿಸಿ ನೋಡಲಿಲ್ಲ, ತಪ್ಪಾಯಿತು ಎಂದೆ. ಅವರ ಕೈ ನಿಲ್ಲಲಿಲ್ಲ. ಒಂದು ಸಾಲು ಹೆಣೆದು ಮುಗಿಸಿದ ಮೇಲೆ ಹೇಳಿದರು.

“ಬಾವಿಕಟ್ಟೆಯಲ್ಲಿ ನಾನು ಹೇಳಿದ್ದು ಹೆಚ್ಚಾಯ್ತು. ಅದು ನನಗೆ ಅವತ್ತೇ ಗೊತ್ತಾಗಿತ್ತು. ಬೆಳಿಗ್ಗೆ ನಿನಗೆ ಹೇಳುವ ಅಂತ ಬೇಗ ಬಂದದ್ದು. ಅಷ್ಟರಲ್ಲಿ ನೀನು ಕ್ಯಾನ್ ದೂಡಿದೆ.”

ಅವರು ಇನ್ನೊಂದು ಗರಿ ಎತ್ತಿ ಮಡಚಿದರು.

“ಈಗ ನೀನು ಅಂಗಳದಲ್ಲಿ ಹೇಳಿದ್ದು ನನಗೆ ಕೇಳಿತು ಜೂಲಿ. ಡೈರಿಯ ಸಾಲಿಗೆ ಕೇಳಿತಾ?”

ಅದು ಕೇಳಬೇಕಾದರೆ ನಾನು ನಲವತ್ತು ಜನರ ಎದುರು ಬಾಯಿ ಬಿಡಬೇಕು. ಇಗರ್ಜಿಯಲ್ಲಿ ವಾಚನ ಓದಲು ಕರೆದರೆ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಿದ್ದವಳು ನಾನು. ನಾಚಿಕೆ ಒಂದೇ ಅಲ್ಲ. ಪದ್ಮರಾಜಣ್ಣನಿಗೆ ಹೇಳದೆ ಹಾಗೆ ಮಾಡುವಂತಿರಲಿಲ್ಲ. ಹೇಳಿದೆ. ಅವರು ಮೇಜಿನ ಪುಸ್ತಕಗಳನ್ನು ನೇರ ಮಾಡಿದರು. ನೇರ ಇದ್ದದ್ದನ್ನೇ ಮತ್ತೊಮ್ಮೆ ನೇರ ಮಾಡಿದರು.

“ಬಾಯಮ್ಮ, ಇದು ನಿಮ್ಮ ಇಗರ್ಜಿ ಅಲ್ಲ. ಒಬ್ಬರ ಡಿಗ್ರಿ ತಪ್ಪು ಅಂತ ನೀವು ಒಪ್ಪಿದರೆ ನಾಳೆ ಎಲ್ಲರೂ ತಮ್ಮದೂ ತಪ್ಪು ಅಂತ ಬರ್ತಾರೆ. ಕಮಿಟಿಯವರು ಕೇಳಿದರೆ ನಿಮ್ಮ ಕೆಲಸ ಉಳಿಸಲಿಕ್ಕೆ ನನ್ನಿಂದ ಆಗುವುದಿಲ್ಲ. ಗಿರಿಜಕ್ಕನ ಹಾಲು ನಾಳೆಯಿಂದ ತೆಗೆದುಕೊಳ್ಳುವ. ಅಷ್ಟೇ ಸಾಕು.”

ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆ ಕೆಲಸ ಹೋದರೆ ನಮ್ಮ ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ. ಸಂಜೆ ಅತ್ತೆಗೆ ಎಲ್ಲವನ್ನೂ ತಿಳಿಸಿದೆ. ಬೇಡ ಎನ್ನುತ್ತಾರೇನೋ, ಎಂದರೆ ಒಳ್ಳೆಯದಿತ್ತು ಎಂದು ಒಳಗೊಳಗೇ ಬಯಸಿದೆ. ಅವರು ತಮ್ಮ ಎರಡೂ ಕೈ ಎತ್ತಿ ಬೆರಳು ಅಗಲಿಸಿ ತೋರಿಸಿದರು. “ಬೀಡಿ ಕಟ್ಟಲಿಕ್ಕೆ ಇವು ಇನ್ನೂ ಉಂಟು. ನೀನು ಹೋಗಿ ಹೇಳು.”

ಸೋಮವಾರ ಬೆಳಗ್ಗೆ ಅತ್ತೆಯನ್ನು ಎಲ್ಲರಿಗಿಂತ ಮೊದಲು ಬರಲು ಹೇಳಿದ್ದೆ. ಮೇಜನ್ನು ಜಗಲಿಗೆ ಎಳೆದು ತಂದೆ. ಸಾಲಿನವರು ಇದೇನೆಂದು ಹತ್ತಿರ ಬಂದರು. ಮಾತಾಡಲು ಹೊರಟರೆ ನನ್ನಿಂದಾಗದು ಎಂದು ಗೊತ್ತಿತ್ತು. ಹಾಗಾಗಿ ಕೈಯಿಂದ ಶುರು ಮಾಡಿದೆ. ನಮ್ಮ ದನದ ಬಿಸಿ ಹಾಲನ್ನು ಎಲ್ಲರ ಎದುರು ಪಾತ್ರೆಗೆ ಹೊಯ್ದು ಬುರುಡೆ ಬಿಟ್ಟೆ. ಎದುರಿಗಿದ್ದ ಗೌಡರಿಗೆ ಓದಲು ಹೇಳಿದೆ. ಅವರು ಬಗ್ಗಿ ನೋಡಿ, “ಇಪ್ಪತ್ತನಾಲ್ಕು. ಬಾಯಮ್ಮ, ನಿಮ್ಮ ಹಾಲಲ್ಲಿ ನೀರು ಉಂಟಲ್ಲ ಮಾರಾಯ್ರೆ,” ಎಂದರು. ಎಲ್ಲರೂ ನಕ್ಕರು. ನಾನು ಪಾತ್ರೆಯನ್ನು ತಣ್ಣೀರಿನ ಬಾಲ್ದಿಯಲ್ಲಿ ಇಳಿಸಿ ನಿಂತೆ. ಹಾಲು ತಣಿಯುವ ತನಕ ಅಷ್ಟೂ ಜನ ಕಾದರು. ಎಷ್ಟು ‘ನಮಾನ್ ಮೋರಿಯೆ’ ಹೇಳಿದೆನೋ ನೆನಪಿಲ್ಲ. ಮತ್ತೆ ಬುರುಡೆ ಬಿಟ್ಟು ಗೌಡರನ್ನು ನೋಡಿದೆ. ಅವರು ಓದಿ, ಕಣ್ಣುಜ್ಜಿ ಮತ್ತೊಮ್ಮೆ ಓದಿದರು. ಇಪ್ಪತ್ತಾರೂವರೆ ಇತ್ತು.

ಆಗ ಹೇಳಿದೆ. ಗಿರಿಜಕ್ಕನ ಹಾಲಿನಲ್ಲಿ ನೀರು ಇರಲಿಲ್ಲ. ಅದು ಬಿಸಿ ಇತ್ತು. ನನಗೆ ಅವರ ಮೇಲೆ ಸಿಟ್ಟು ಇತ್ತು, ಅದಕ್ಕೆ ನಾನು ಬಿಸಿ ನೋಡಲಿಲ್ಲ. ಅದೇ ದಿನ ನಮ್ಮ ಮನೆಯ ಹಾಲಿಗೆ ನೋಡಿದೆ.

ಇಷ್ಟೇ ಹೇಳಿದ್ದು. ಮುಂದಿನ ಐದಾರು ಮಂದಿಗೆ ಮಾತ್ರ ಕೇಳಿರಬೇಕು. ಹಿಂದಿನವರು ಏನಂತೆ, ಏನಂತೆ ಎಂದು ಕುತ್ತಿಗೆ ಉದ್ದ ಮಾಡಿದರು. ತಿಮ್ಮಪ್ಪ ಗೌಡರು ತಿರುಗಿ ನಿಂತು ತಮ್ಮ ಗಂಟಲಿನಲ್ಲಿ ಘೋಷಣೆ ಮಾಡಿದರು. “ಗಿರಿಜಕ್ಕನ ಹಾಲಲ್ಲಿ ನೀರು ಇರಲಿಲ್ಲವಂತೆ. ಬಾಯಮ್ಮನಿಗೆ ಸಿಟ್ಟು ಬಂದಿತ್ತಂತೆ.” ಬಾಯಮ್ಮನಿಗೂ ಸಿಟ್ಟು ಬರ್ತದಾ ಎಂದು ಹಿಂದಿನಿಂದ ಯಾರೋ ಕೇಳಿದರು.

ಪದ್ಮರಾಜಣ್ಣ ಹೇಳಿದಂತೆಯೇ ಆಯಿತು. ಹಳೆಯ ಡಿಗ್ರಿಗಳ ಲೆಕ್ಕ ತೆಗೆದು ಏಳೆಂಟು ಜನ ಜಗಳಕ್ಕೆ ಬಂದರು. ಕಮಿಟಿಯವರು ಸಭೆ ಕರೆದರು. ಒಂದು ತಿಂಗಳು ಮನೆಯಲ್ಲಿರಲು ನನಗೆ ಹೇಳಿದರು. ಕಕ್ಕಿಂಜೆ ಕಡೆಯಿಂದ ಬೇರೆಯವರು ಬಂದು ಪರೀಕ್ಷೆ ಮಾಡಿದರು. ನಾನು ಅತ್ತೆಯ ಜೊತೆ ಕುಳಿತು ಬೀಡಿ ಕಟ್ಟಿದೆ. ತಿಂಗಳ ನಂತರ ಪುನಃ ಕರೆದದ್ದು ಪದ್ಮರಾಜಣ್ಣನಿಂದಾಗಿ. ಕಮಿಟಿಯಲ್ಲಿ ಅವರು ಏನು ಹೇಳಿದರೆಂದು ನನಗೆ ಇಂದಿಗೂ ತಿಳಿಯದು. ಅಂದಿನಿಂದ ಥರ್ಮಾಮೀಟರನ್ನು ಮೇಜಿನ ಮೇಲೆಯೇ ಇಡುವುದೆಂದಾಯಿತು. ಬೇಕಾದವರು ತಾವೇ ನೋಡಬಹುದು.

ಇಗರ್ಜಿಯಲ್ಲಿ ಪರಮಪ್ರಸಾದಕ್ಕೆ ಎದ್ದು ಹೋದೆ. ಹೋಗಬಹುದು ಎಂದು ಫಾದರ್ ಹೇಳಿದ್ದರು. ಆದರೆ ಎದೆ ಹಗುರವಾಗಲಿಲ್ಲ, ಏಕೆಂದರೆ ಗಿರಿಜಕ್ಕ ಡೈರಿಗೆ ಬರಲಿಲ್ಲ. ಅವರ ಬಾವಿಯ ನೀರು ನಮಗೆ ಎಂದಿನಂತೆ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಅವರ ದನ ಬತ್ತಿತು. ಮಳೆಗಾಲ ಕಳೆಯಿತು.

ರೋಯ್ಸ್ಟನ್, ನೀನು ತಿರುಗಿ ಬೈಯುವುದನ್ನು ನಾನು ಸರಿ ಎನ್ನುವುದಿಲ್ಲ. ಆದರೆ ನಿನ್ನ ಸಿಟ್ಟು ಎಲ್ಲರಿಗೂ ಕಾಣುತ್ತದೆ, ನೀನು ಕೂಡ ನೋಡುತ್ತಿ. ನನ್ನದು ಯಾರಿಗೂ ಕಾಣಲಿಲ್ಲ. ಅದು ಕೈಗೆ ಇಳಿದು ಕೆಲಸದ ಒಳಗೆ ಸೇರಿಕೊಂಡಿತು. ಪ್ರಿಯಾ, ನೀನು ನನ್ನ ಹಾಗೆ. ಅಳು ಬಂದರೆ ಅತ್ತುಬಿಡು, ಚಿಂತೆಯಿಲ್ಲ. ಆದರೆ ಮರುದಿನ ಬೈದವರ ಚೀಟಿ ನಿನ್ನ ಕೈಗೆ ಬಂದಾಗ ಅದನ್ನು ರಾಶಿಯ ಅಡಿಗೆ ಹಾಕಬೇಡ. ಪ್ರಾರ್ಥನೆ ಹೇಳಿದೆನೆಂದು ನನಗೆ ಸಿಟ್ಟು ಬಾರದೆ ಇರಲಿಲ್ಲ. ಆ ಅರ್ಧ ನಿಮಿಷ ಕೈ ತಡೆಯುತ್ತಿತ್ತು, ಆಮೇಲೆ ತಲೆ ಎತ್ತಿ ಎದುರಿಗಿದ್ದವರ ಮುಖ ನೋಡಲು ಆಗುತ್ತಿತ್ತು. ಹೇಳದೆ ಬಿಟ್ಟ ಒಂದೇ ದಿನ ಇಷ್ಟೆಲ್ಲ ಆಯಿತು.

ದೀಪಾವಳಿ ಕಳೆದು ಒಂದು ವಾರಕ್ಕೆ ಗಿರಿಜಕ್ಕನ ದನ ಕರು ಹಾಕಿತೆಂದು ಅತ್ತೆ ಸುದ್ದಿ ತಂದರು. ಗಿಣ್ಣಿನ ದಿನಗಳು ಕಳೆದವು. ನಾನು ದಿನವೂ ಬೆಳಗ್ಗೆ ಅವರ ಮನೆಯ ಕಡೆ ನೋಡದ ಹಾಗೆ ನೋಡುತ್ತಿದ್ದೆ.

ಒಂದು ಬೆಳಗ್ಗೆ ತಲೆ ಎತ್ತಿದಾಗ ಅವರು ಸಾಲಿನಲ್ಲಿದ್ದರು. ಏಳನೆಯವರು. ಮುಂದೆ ಹೋಗಿ ಎಂದು ಒಬ್ಬರು ದಾರಿ ಬಿಟ್ಟರು. ಅವರು ಹೋಗಲಿಲ್ಲ, ತಮ್ಮ ಸರದಿಗೆ ಬಂದು ಕ್ಯಾನ್ ಇಟ್ಟರು. ನಾನು ಬಿಸಿ ನೋಡಿದೆ. ಪಾತ್ರೆಯನ್ನು ನೀರಿನಲ್ಲಿಟ್ಟು ತಣಿಸಿದೆ. ಬುರುಡೆ ಬಿಟ್ಟು ಪ್ರಾರ್ಥನೆ ಹೇಳಿದೆ, ಮುಗಿದ ಮೇಲೂ ಇನ್ನೊಂದು ಹೇಳಿದೆ. ಓದಿದೆ.

“ಇಪ್ಪತ್ತೆಂಟು,” ಎಂದೆ.

ಗಿರಿಜಕ್ಕ ಕದಲಲಿಲ್ಲ. “ಹಿಂದಿನವರಿಗೆ ಕೇಳಲಿಲ್ಲ,” ಎಂದರು.

ಅವರ ಹಿಂದೆಯೇ ಇದ್ದ ತಿಮ್ಮಪ್ಪ ಗೌಡರು ಸಹಾಯಕ್ಕೆಂದು ಬಾಯಿ ತೆರೆದರು. ಗಿರಿಜಕ್ಕ ತಿರುಗದೆಯೇ ಕೈ ಎತ್ತಿ ತಡೆದರು. “ಗೌಡ್ರೇ, ನೀವು ಒಂದು ಸಲ ಹೇಳಿದ್ದು ಸಾಕು. ನೀರು ಅಂತ ಹೇಳಿದ್ದು ನೀವಲ್ಲ. ಜೂಲಿ ಹೇಳಲಿ.”

ನಾನು ಕುರ್ಚಿಯಿಂದ ಎದ್ದೆ. ಸಾಲು ಮೆಟ್ಟಿಲಿಳಿದು ರಸ್ತೆಯ ತಿರುವಿನವರೆಗೆ ಇತ್ತು. ಕಟ್ಟಕಡೆಯಲ್ಲಿ ಕೊಡೆ ಹಿಡಿದು ನಿಂತ ಒಬ್ಬ ಮುದುಕರನ್ನು ನೋಡಿಕೊಂಡು, ಅವರಿಗೇ ಹೇಳುವ ಹಾಗೆ, ಜೀವಮಾನದಲ್ಲಿ ತೆಗೆಯದ ಸ್ವರ ತೆಗೆದು ಕೂಗಿದೆ.

“ಗಿರಿಜಕ್ಕನ ಹಾಲು ಇಪ್ಪತ್ತೆಂಟು ಡಿಗ್ರಿ.”

ಮುದುಕರು ಕೊಡೆ ಅಲ್ಲಾಡಿಸಿದರು. ಗಿರಿಜಕ್ಕ ಖಾಲಿ ಕ್ಯಾನಿಗೆ ಮುಚ್ಚಳ ಹಾಕಿದರು. “ಹ್ಞಾಂ, ಈಗ ಕೇಳಿತು,” ಎಂದು ಹೇಳಿ, ಸಂಜೆ ನೀರಿಗೆ ಬರುವಾಗ ಮಜ್ಜಿಗೆ ಕೊಂಡುಹೋಗಲು ಪಾತ್ರೆ ತಾ ಎಂದು ಸೇರಿಸಿ, ಮನೆಗೆ ಹೋದರು.